ಬೀಗದ ಕೈ ಯಾರ ಕೈಲಿದೆ? ಸೂರು ತಪ್ಪುವವರ ಸೇವೆಗೆ ಫಲಿತಾಂಶ ನೋಡಿ ಹಣ ಕೊಡುವ ಒಪ್ಪಂದ ಬರೆಯುವ ಬಗೆ

ಮನೆಯಿಲ್ಲದವರ ತಂಗುದಾಣ ನಡೆಸುವ ಒಂದು ಚಿಕ್ಕ ಸಂಸ್ಥೆಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ರಾತ್ರಿ ಹತ್ತು ಗಂಟೆಗೆ ಕಾವಲಿನವರು ತಲೆ ಎಣಿಸಿ ಉದ್ದದ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. ಹೆಸರು, ವಯಸ್ಸು, ಊರು, ಸಹಿ ಇಲ್ಲವೇ ಹೆಬ್ಬೆಟ್ಟು. ತಿಂಗಳ ಕೊನೆಗೆ ಆ ಸಾಲುಗಳನ್ನೆಲ್ಲ ಕೂಡಿಸಿ ಬಿಲ್ ಮಾಡುವುದು ನನ್ನ ಕೆಲಸ. ಒಬ್ಬರು ಒಂದು ರಾತ್ರಿ ಮಲಗಿದರೆ ಇಷ್ಟು ರೂಪಾಯಿ ಅಂತ ಒಪ್ಪಂದವಿತ್ತು.

ಅಲ್ಲಿ ಒಬ್ಬರು ಅಜ್ಜಿ ಏಳು ತಿಂಗಳು ಇದ್ದರು. ಅವರದೇ 212 ಹೆಬ್ಬೆಟ್ಟು. ನಮ್ಮ ಕಾರ್ಯಕರ್ತೆ ತಾಲ್ಲೂಕು ಕಚೇರಿಗೆ ಓಡಾಡಿ ಅವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮಾಡಿಸಿದರು. ಹೊಸನಗರದ ಕಡೆ ಇದ್ದ ತಂಗಿ ಮಗಳನ್ನು ಹುಡುಕಿದರು. ಆ ಮನೆಯ ಹಿತ್ತಲ ಕಡೆ ಸೌದೆ ತುಂಬಿಟ್ಟಿದ್ದ ಕೋಣೆ ಖಾಲಿ ಮಾಡಿಸಿ, ಹೆಂಚು ಕೈಯಾಡಿಸಿ, ಅಜ್ಜಿಯನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದರು. ಎಲ್ಲರಿಗೂ ಖುಷಿಯಾಯಿತು. ಆದರೆ ಆ ತಿಂಗಳು ನಮ್ಮ ಬಿಲ್ ಕಡಿಮೆಯಾಯಿತು. ಅಜ್ಜಿ ಇನ್ನೂ ನಮ್ಮ ಚಾಪೆಯ ಮೇಲೇ ಮಲಗಿದ್ದಿದ್ದರೆ ದುಡ್ಡು ಪೂರ್ತಿ ಬರುತ್ತಿತ್ತು. ಆ ಬಿಲ್ ಬರೆಯುವಾಗ ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ. ಯಾರೂ ಕೆಟ್ಟವರಿರಲಿಲ್ಲ. ಒಪ್ಪಂದವನ್ನೇ ತಪ್ಪಾಗಿ ಬರೆದಿತ್ತು.

ಶಿವಮೊಗ್ಗ ಮತ್ತು ಸುತ್ತಲ ಮಲೆನಾಡಿನಲ್ಲಿ ಇಂಥ ಸೇವೆ ನಡೆಸುವ ಸಂಘಸಂಸ್ಥೆಗಳಿಗೆ, ಅದಕ್ಕೆ ಹಣ ಕೊಡುವ ಪಾಲಿಕೆ, ಪುರಸಭೆ, ಕಂಪನಿಗಳ ಸಿಎಸ್‌ಆರ್ (ಸಮಾಜಸೇವೆಗೆ ಹಣ ಕೊಡುವ) ವಿಭಾಗದವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಚಾಪೆ ಎಣಿಸುವುದನ್ನು ಬಿಟ್ಟು, ಮನೆ ಸಿಕ್ಕವರನ್ನು ಎಣಿಸುವ ಒಪ್ಪಂದ ಬರೆಯುವುದು ಹೇಗೆ ಅನ್ನುವುದೇ ವಿಷಯ.

ಮೊದಲು, ಇದೇನು ಅಂತ

ಫಲಿತಾಂಶ ಆಧಾರಿತ ಗುತ್ತಿಗೆ ಅಂದರೆ, ಎಷ್ಟು ಕೆಲಸ ಮಾಡಿದಿರಿ ಅಂತ ನೋಡದೆ, ಅದರಿಂದ ಏನಾಯಿತು ಅಂತ ನೋಡಿ ಹಣ ಕೊಡುವುದು. ಅಡಿಕೆ ಬೆಳೆಯುವವರಿಗೆ ಇದು ಹೊಸದಲ್ಲ. ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವಾಗ ಕೊನೆಗಾರ ಎಷ್ಟು ಮರ ಹತ್ತಿದ ಅಂತ ಯಾರೂ ಕೇಳುವುದಿಲ್ಲ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಎಷ್ಟು ಕೆಜಿ ಒಣ ಅಡಿಕೆ ಕೊಡುತ್ತೀರಿ ಅಂತಲೇ ಮಾತು.

ಇದರ ಅಪಾಯವೂ ಅಡಿಕೆಯಲ್ಲೇ ಕಾಣುತ್ತದೆ. ಡಬ್ಬದ ಲೆಕ್ಕದಲ್ಲಿ ಸುಲಿಸಿದರೆ ಕೈ ಬೇಗ ಓಡುತ್ತದೆ. ಡಬ್ಬವೂ ಬೇಗ ತುಂಬುತ್ತದೆ. ಜೊತೆಗೆ ಕತ್ತಿ ತಾಗಿದ ಅಡಿಕೆಯೂ ಜಾಸ್ತಿಯಾಗುತ್ತದೆ. ಯಾವುದಕ್ಕೆ ದುಡ್ಡೋ ಕೆಲಸ ಆ ಕಡೆಗೇ ಹರಿಯುತ್ತದೆ. ಹಾಗಾಗಿ ಒಪ್ಪಂದದ ಒಂದೊಂದು ಸಾಲು ಬರೆಯುವಾಗಲೂ, ಇದನ್ನು ಎಣಿಸಿದರೆ ಜನ ಯಾವ ಅಡ್ಡದಾರಿ ಹಿಡಿದಾರು ಅಂತ ಕೇಳಿಕೊಳ್ಳಬೇಕು.

ಸರ್ಕಾರದ ಅಳತೆ ಈವರೆಗೆ ಹೆಚ್ಚಾಗಿ ಹಾಸಿಗೆಯದ್ದೇ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಲೆಕ್ಕದಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕಿತ್ತು. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ 3,22,650. ಅಂದರೆ ಕಡಿಮೆಯೆಂದರೂ ಮೂರು. ತಂಗುದಾಣ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದ ಎಷ್ಟು ಜನ ಸ್ವಂತ ಬಾಗಿಲಿಗೆ ಹೋದರು ಅಂತ ಆ ಅಳತೆ ಕೇಳುತ್ತಲೇ ಇರಲಿಲ್ಲ.

ಹೆಸರಿನ ಪಟ್ಟಿ ಮೊದಲು, ಗುರಿ ಆಮೇಲೆ

ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಹೆಚ್ಚಿನವರು ಇದನ್ನೇ ಬಿಡುತ್ತಾರೆ. "ವರ್ಷಕ್ಕೆ ನಲವತ್ತು ಜನರಿಗೆ ಮನೆ ಮಾಡಿಸುತ್ತೇವೆ" ಅಂತ ಬರೆದುಬಿಡುತ್ತಾರೆ. ಯಾವ ನಲವತ್ತು? ಹಾಗೆ ಬಿಟ್ಟರೆ ಸಂಸ್ಥೆ ಸುಲಭದವರನ್ನು ಆರಿಸಿಕೊಳ್ಳುತ್ತದೆ. ಗಟ್ಟಿಮುಟ್ಟಾಗಿರುವ, ಕೆಲಸ ಸಿಗುವ, ನಾಳೆ ತಾನಾಗಿಯೇ ಕೋಣೆ ಹಿಡಿಯುವಂಥ ಹುಡುಗ ಪಟ್ಟಿಗೆ ಬರುತ್ತಾನೆ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾ ಕೂತ ಹೆಂಗಸು ಬರುವುದಿಲ್ಲ.

ಲಂಡನ್‌ನಲ್ಲಿ 2012ರಲ್ಲಿ ಇಂಥದ್ದೊಂದು ಒಪ್ಪಂದ ಮಾಡಿದಾಗ ಅವರು ಪಟ್ಟಿಯನ್ನು ಮೊದಲೇ ಕಟ್ಟಿದರು. ಬೀದಿಯಲ್ಲಿ ಮಲಗುವವರ ದಾಖಲೆಯಿಂದ 831 ಜನರನ್ನು ಗುರುತಿಸಿ, ಎರಡು ಸಂಸ್ಥೆಗಳಿಗೆ ಹಂಚಿ, ಇವರೇ ನಿಮ್ಮ ಜನ ಅಂದರು. ಬೇಕಾದವರನ್ನು ಸೇರಿಸುವ, ಬೇಡದವರನ್ನು ಬಿಡುವ ದಾರಿ ಅಲ್ಲಿಗೇ ಮುಚ್ಚಿತು. ನಮಗೆ 831 ಬೇಡ, ಮೂವತ್ತು ನಲವತ್ತು ಹೆಸರು ಸಾಕು. ಪಟ್ಟಿಯನ್ನು ಮಾತ್ರ ಸಂಸ್ಥೆಯೊಂದೇ ಮಾಡಬಾರದು. ಪಾಲಿಕೆಯವರು, ಆಶಾ ಕಾರ್ಯಕರ್ತೆಯರು, ಮೆಗ್ಗಾನ್ ಆಸ್ಪತ್ರೆಯಲ್ಲಿ ರೋಗಿಗಳ ಕಷ್ಟಸುಖ ಬಲ್ಲವರು, ರೈಲ್ವೆ ಸ್ಟೇಷನ್ ಮತ್ತು ಬಸ್ ಸ್ಟ್ಯಾಂಡಿನ ಹತ್ತಿರ ರಾತ್ರಿ ಚಹಾ ಮಾರುವವರು ಎಲ್ಲರನ್ನೂ ಕೇಳಿ. ಚಹಾದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು, ಬೀದಿಗೆ ಬಿದ್ದವರನ್ನಷ್ಟೇ ಬರೆದರೆ ಅರ್ಧ ಕೆಲಸ. ಮಲೆನಾಡಿನಲ್ಲಿ ಸೂರು ತಪ್ಪುವ ದಾರಿಗಳು ನಮ್ಮ ಕಣ್ಣೆದುರೇ ಇವೆ. ತೋಟದ ಲೈನ್ ಮನೆಯಲ್ಲಿರುವ ಸಂಸಾರಕ್ಕೆ ಕೆಲಸ ಹೋದ ದಿನವೇ ಮನೆಯೂ ಹೋಗುತ್ತದೆ. ಭದ್ರಾವತಿಯಲ್ಲಿ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಕಾಗದ ಮಾಡುವುದನ್ನು 2015ರಲ್ಲಿ ನಿಲ್ಲಿಸಿದ ಮೇಲೆ ಗುತ್ತಿಗೆ ಕೆಲಸ ನಂಬಿದ್ದವರ ಪಾಡು ಏನಾಯಿತು ಅಂತ ಆ ಊರಿನವರನ್ನೇ ಕೇಳಬೇಕು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಹಕ್ಕುಪತ್ರ ಇಲ್ಲದ ಮನೆಯವರು ಪರಿಹಾರಕ್ಕೆ ಎಷ್ಟು ಒದ್ದಾಡುತ್ತಾರೆ ಅಂತ ನಿಮಗೂ ಗೊತ್ತು. ಇವರ ಜೊತೆಗೆ ಮಗ ಸೊಸೆ ಹೊರಗೆ ಹಾಕಿದ ಮುದುಕರು, ಗಂಡನ ಹೊಡೆತ ತಾಳದೆ ಮಕ್ಕಳನ್ನು ಎತ್ತಿಕೊಂಡು ಬಂದ ಹೆಣ್ಣುಮಕ್ಕಳು, ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬಿದ್ದ ಹುಡುಗರು ಇದ್ದಾರೆ.

ಹಾಗಾಗಿ ಎರಡು ಪಟ್ಟಿ ಮಾಡಿ. ಒಂದು, ಈಗಾಗಲೇ ಸೂರಿಲ್ಲದವರದ್ದು. ಇನ್ನೊಂದು, ಸೂರು ತಪ್ಪುವ ಹಂತದಲ್ಲಿರುವವರದ್ದು. ಎರಡನೆಯದರಲ್ಲಿ ಒಂದು ತೊಡಕಿದೆ. ಸಹಾಯ ಮಾಡದಿದ್ದರೂ ಇವರು ಮನೆ ಉಳಿಸಿಕೊಳ್ಳುತ್ತಿದ್ದರೇನೋ ಅಂತ ಹಣ ಕೊಡುವವರು ಕೇಳುತ್ತಾರೆ. ಕೇಳಬೇಕು ಕೂಡ. ಅದಕ್ಕೆ ಪಟ್ಟಿ ಸೇರಲು ಕಣ್ಣಿಗೆ ಕಾಣುವ ಗುರುತು ಇಡಿ: ಮೂರು ತಿಂಗಳ ಬಾಡಿಗೆ ಬಾಕಿ, ಮನೆ ಬಿಡಿ ಅಂತ ಬಂದ ನೋಟಿಸ್, ಆಸ್ಪತ್ರೆಯಿಂದ ಬಿಡುಗಡೆಯ ದಿನ ಕರೆದುಕೊಂಡು ಹೋಗಲು ಯಾರೂ ಬಾರದಿರುವುದು. ಇಂಥ ಎರಡು ಗುರುತಿದ್ದರೆ ಹೆಸರು ಸೇರಲಿ.

ಮನೆ ಅಂದರೆ ಯಾವುದು?

ಇದನ್ನು ಒಪ್ಪಂದದಲ್ಲಿ ಬಿಡಿಸಿ ಬರೆಯದಿದ್ದರೆ ಆಮೇಲೆ ಜಗಳ ಖಂಡಿತ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಬೀಗದ ಕೈ ಯಾರ ಕೈಲಿದೆ? ಬಾಡಿಗೆ ಕೋಣೆಯಾದರೆ ಆ ವ್ಯಕ್ತಿಯ ಕೈಲಿರಬೇಕು. ಮನೆಯವರ ಜೊತೆ ಮರಳಿದ್ದರೆ, ಅವರೇ ಇಷ್ಟಪಟ್ಟು ಹೋಗಿರಬೇಕು, ಮತ್ತು ಆ ಮನೆಯಲ್ಲಿ ಅವರ ಬಟ್ಟೆಗೆ ಒಂದು ಜಾಗ, ಮಲಗಲು ಒಂದು ಜಾಗ ಇರಬೇಕು. ಲೈನ್ ಮನೆಯಾದರೆ ಕೆಲಸ ನಿಂತರೂ ಇಂತಿಷ್ಟು ತಿಂಗಳು ಇರಬಹುದು ಅಂತ ಮಾಲೀಕರಿಂದ ಬರವಣಿಗೆ ಬೇಕು. ವೃದ್ಧಾಶ್ರಮವನ್ನು ಅವರಾಗಿಯೇ ಒಪ್ಪಿದರೆ ಮಾತ್ರ ಮನೆ ಅಂತ ಎಣಿಸಿ.

"ಊರಿಗೆ ಕಳಿಸಿದೆವು" ಅನ್ನುವುದನ್ನು ಫಲಿತಾಂಶ ಅಂತ ಒಪ್ಪಲೇಬೇಡಿ. ಬಸ್ ಟಿಕೆಟ್ ತೆಗೆದುಕೊಟ್ಟು ದಾವಣಗೆರೆ ಬಸ್ ಹತ್ತಿಸಿದರೆ ನಮ್ಮ ಪಟ್ಟಿಯಿಂದ ಒಂದು ಹೆಸರು ಹೋಗುತ್ತದೆ, ಅಷ್ಟೇ. ಅವರು ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಮಲಗಿರುತ್ತಾರೆ. ಮೂರು ತಿಂಗಳಾದ ಮೇಲೆ ಅವರೇ ಫೋನಿನಲ್ಲಿ "ಹೂಂ, ಇಲ್ಲೇ ಇದ್ದೇನೆ, ಚೆನ್ನಾಗಿದ್ದೇನೆ" ಅಂದರೆ ಆಗ ಎಣಿಸಿ.

ಎಷ್ಟು ದಿನ ಉಳಿದರೆ ಉಳಿದ ಹಾಗೆ? ಲಂಡನ್‌ನ ಒಪ್ಪಂದದಲ್ಲಿ ಮನೆ ಸೇರಿದಾಗ, ಹನ್ನೆರಡು ತಿಂಗಳಿಗೆ, ಹದಿನೆಂಟು ತಿಂಗಳಿಗೆ ಅಂತ ಕಂತು ಇದ್ದವು. ನಮ್ಮ ಕಡೆಗೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಒಂದು ಮಳೆಗಾಲ ಪೂರ್ತಿ ಅದೇ ಸೂರಿನಡಿ ಕಳೆದಿರಬೇಕು. ಫೆಬ್ರವರಿಯಲ್ಲಿ ಚೆನ್ನಾಗಿ ಕಂಡ ಕೋಣೆ ಪುನರ್ವಸು ಮಳೆಗೆ ಸೋರಿ, ಗೋಡೆಗೆ ಬೂಷ್ಟು ಹಿಡಿದು, ಸೌದೆ ನೆನೆದು, ಕೆಲಸವೂ ನಿಂತು, ಜನ ಬಿಟ್ಟು ಹೊರಟಿದ್ದನ್ನು ನೋಡಿದ್ದೇನೆ. ಮಳೆಗಾಲ ದಾಟಿದ ಮನೆ ನಿಲ್ಲುತ್ತದೆ.

ಹಣದ ಲೆಕ್ಕ

ಪೂರ್ತಿ ಹಣವನ್ನು ಫಲಿತಾಂಶಕ್ಕೆ ಕಟ್ಟಬೇಡಿ. ಈ ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ದೊಡ್ಡ ದೇಶಗಳಲ್ಲಿ ಮೊದಲು ಹಣ ಹಾಕುವ ಹೂಡಿಕೆದಾರರು ಇರುತ್ತಾರೆ. ರಾಜಸ್ಥಾನದ ಭಿಲ್ವಾರಾದಲ್ಲಿ 2015ರಿಂದ 2018ರವರೆಗೆ ಹೆಣ್ಣುಮಕ್ಕಳ ಓದಿಗಾಗಿ ನಡೆದ ಒಪ್ಪಂದದಲ್ಲೂ ಯುಬಿಎಸ್ ಆಪ್ಟಿಮಸ್ ಫೌಂಡೇಶನ್ ಮೊದಲು ಹಣ ಹಾಕಿತ್ತು. ಫಲ ಬಂದ ಮೇಲೆ ಇನ್ನೊಂದು ಫೌಂಡೇಶನ್ ಅದನ್ನು ತುಂಬಿಕೊಟ್ಟಿತು. ನಮ್ಮ ತಾಲ್ಲೂಕಿನ ಸಂಸ್ಥೆಗೆ ಅಂಥವರು ಎಲ್ಲಿದ್ದಾರೆ? ಒಮ್ಮೆ ನಮ್ಮ ಬಿಲ್ ಐದು ತಿಂಗಳು ತಡವಾದಾಗ ಅಡುಗೆಯವರ ಸಂಬಳಕ್ಕೆ ನಾನು ಬಳೆ ಅಡ ಇಟ್ಟೆ. ಅದು ರಾತ್ರಿ ಲೆಕ್ಕದ ಒಪ್ಪಂದ. ಫಲಿತಾಂಶಕ್ಕೆ ವರ್ಷ ಕಾಯಬೇಕೆಂದರೆ ಸಂಸ್ಥೆಯೇ ಬೀದಿಗೆ ಬರುತ್ತದೆ.

ನಾನು ಹೇಳುವ ಪಾಲು ಇದು: ನೂರಕ್ಕೆ ಅರವತ್ತು ಖಚಿತ ಹಣ, ಮೂರು ತಿಂಗಳಿಗೊಮ್ಮೆ ಮುಂಗಡವಾಗಿ. ಉಳಿದ ನಲವತ್ತು ಫಲಿತಾಂಶಕ್ಕೆ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆ ಹಿಡಿದವು, ನಿಮ್ಮ ಊರಿನ ಬಾಡಿಗೆ, ಸಂಬಳ ನೋಡಿ ಬದಲಾಯಿಸಿಕೊಳ್ಳಿ.

ಪಟ್ಟಿಯಲ್ಲಿ 40 ಜನ, ಒಟ್ಟು ಹಣ 12 ಲಕ್ಷ ರೂಪಾಯಿ. ಖಚಿತ ಹಣ 7.20 ಲಕ್ಷ. ಫಲಿತಾಂಶಕ್ಕೆ ಉಳಿಯುವುದು 4.80 ಲಕ್ಷ. ಅದನ್ನು ನಾಲ್ಕು ಮೆಟ್ಟಿಲಾಗಿ ಒಡೆಯಿರಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ, ಸಲ್ಲಬೇಕಾದ ಪಿಂಚಣಿ ಇಷ್ಟೂ ಆದರೆ ಒಬ್ಬರ ಲೆಕ್ಕಕ್ಕೆ ಸಂಸ್ಥೆಗೆ 2,000. ಮನೆ ಸೇರಿದರೆ 5,000. ಆರು ತಿಂಗಳು ಉಳಿದರೆ 7,500. ಮಳೆಗಾಲವೂ ಸೇರಿ ಹನ್ನೆರಡು ತಿಂಗಳು ಉಳಿದರೆ 11,000. ಎಲ್ಲರೂ ಕೊನೆ ಮೆಟ್ಟಿಲು ಮುಟ್ಟುವುದಿಲ್ಲ. 30 ಜನರಿಗೆ ಕಾಗದಪತ್ರ ಆಗುತ್ತದೆ, 24 ಜನ ಮನೆ ಸೇರುತ್ತಾರೆ, 18 ಜನ ಆರು ತಿಂಗಳು, 15 ಜನ ವರ್ಷ ಉಳಿಯುತ್ತಾರೆ ಅಂತಿಟ್ಟುಕೊಳ್ಳಿ. 60,000, 1,20,000, 1,35,000, 1,65,000. ಕೂಡಿಸಿದರೆ ಸರಿಯಾಗಿ 4.80 ಲಕ್ಷ.

ಮೆಟ್ಟಿಲು ಮೇಲೆ ಹೋದಂತೆ ದರ ಏರಿರುವುದನ್ನು ಗಮನಿಸಿ. ಮನೆ ಸೇರಿಸಿ ಕೈತೊಳೆದುಕೊಂಡರೆ ಲಾಭವಿಲ್ಲ. ಹಾಗಂತ ಕಾಗದಪತ್ರಕ್ಕೆ ಏನೂ ಇಡದೆ ಹೋಗಬೇಡಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದ ಆಧಾರ್ ಸರಿ ಮಾಡಿಸಲು ನಾಲ್ಕು ಸಲ ಸಾಲು ನಿಂತವರಿಗೇ ಅದರ ಕಷ್ಟ ಗೊತ್ತು.

ಕಷ್ಟದವರಿಗೆ ಹೆಚ್ಚಿನ ದರ ಇಡಿ. ವರ್ಷಕ್ಕಿಂತ ಜಾಸ್ತಿ ಬೀದಿಯಲ್ಲಿದ್ದವರು, ಮಾನಸಿಕ ಕಾಯಿಲೆ ಇರುವವರು, ಕುಡಿತಕ್ಕೆ ಸಿಕ್ಕಿಬಿದ್ದವರು ಇವರಿಗೆ ಒಂದೂವರೆ ಪಟ್ಟು. ಆಗ ಮೇಲಿನ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ, ಹಾಕಿ. ಹಣ ಕೊಡುವವರಿಗೆ ಭಯವಾಗದಂತೆ ಒಟ್ಟು ಮೊತ್ತಕ್ಕೆ ಮೇಲ್ಮಿತಿಯನ್ನೂ ಬರೆಯಿರಿ.

ಬಾಡಿಗೆ ಮನೆ ಹಿಡಿಯುವಾಗ ಮಾಲೀಕರಿಗೆ ಕೊಡುವ ಅಡ್ವಾನ್ಸ್ ಹಣವನ್ನು ಇದರಲ್ಲಿ ಸೇರಿಸಲೇಬೇಡಿ, ಬೇರೆ ಇಡಿ. ತಿಂಗಳ ಬಾಡಿಗೆ ಹೇಗೋ ಹೊಂದಿಸಬಹುದು, ಅಡ್ವಾನ್ಸ್ ಎಲ್ಲಿಂದ ತರುವುದು? ಅದಿಲ್ಲದೆ ಬಾಗಿಲೇ ತೆರೆಯುವುದಿಲ್ಲ. ಅಡ್ವಾನ್ಸ್ ಇದ್ದರೂ ಮನೆ ಮಾಲೀಕರು "ನೀವು ಯಾವ ಪೈಕಿ?" ಅಂತ ಕೇಳಿ ಬಾಗಿಲು ಹಾಕಿಕೊಳ್ಳುವುದನ್ನು ನಮ್ಮ ಕಾರ್ಯಕರ್ತೆ ಎಷ್ಟು ಸಲ ನೋಡಿದ್ದಾರೋ. ಒಂದು ಕೋಣೆಗೆ ಇಪ್ಪತ್ತು ಬಾಗಿಲು ತಟ್ಟಬೇಕು. ಆ ಓಡಾಟದ ಸಂಬಳ ಖಚಿತ ಹಣದಲ್ಲೇ ಇರಬೇಕು.

ಇನ್ನೊಂದು ಷರತ್ತನ್ನು ದಪ್ಪ ಅಕ್ಷರದಲ್ಲಿ ಬರೆಸಿ: ಅಡುಗೆಯವರು, ಕಾವಲಿನವರು, ಕಾರ್ಯಕರ್ತೆಯರ ಸಂಬಳವನ್ನು ಸಂಸ್ಥೆ ಫಲಿತಾಂಶಕ್ಕೆ ಕಟ್ಟುವಂತಿಲ್ಲ. ಇಲ್ಲದಿದ್ದರೆ ಎಲ್ಲರ ಹೊರೆ ಕೊನೆಗೆ ಬಡ ಹೆಂಗಸೊಬ್ಬಳ ತಲೆ ಮೇಲೆ ಬೀಳುತ್ತದೆ.

ಸಾಕ್ಷಿ ಯಾವುದು, ನೋಡುವವರು ಯಾರು

ಬಾಗಿಲ ಮುಂದೆ ನಿಲ್ಲಿಸಿ, ಕೈಗೆ ಬೋರ್ಡ್ ಕೊಟ್ಟು ಫೋಟೊ ತೆಗೆಯುವುದು ಬೇಡ. ಅದರಿಂದ ಮನೆ ಉಳಿದಿದೆ ಅಂತ ಗೊತ್ತಾಗುವುದಿಲ್ಲ, ಮನುಷ್ಯರ ಮರ್ಯಾದೆ ಮಾತ್ರ ಹೋಗುತ್ತದೆ. ಅಕ್ಕಪಕ್ಕದವರಿಗೆ ಇವರು ಬೀದಿಯಲ್ಲಿದ್ದವರು ಅಂತ ತಿಳಿದರೆ ಮನೆಯೂ ಹೋದೀತು.

ಮೂರರಲ್ಲಿ ಎರಡು ಸಾಕ್ಷಿ ಸಿಕ್ಕರೆ ಸಾಕು ಅಂತ ಇಡಿ: ಬಾಡಿಗೆ ಚೀಟಿ ಅಥವಾ ಮಾಲೀಕರ ಮಾತು, ಆ ವ್ಯಕ್ತಿಯೇ ಹೇಳಿದ್ದು, ಮೊದಲೇ ಫೋನ್ ಮಾಡಿ ಹೋಗಿ ನೋಡಿದ್ದು. ನೋಡಲು ಹೋಗುವವರು ಸಂಸ್ಥೆಯವರೂ ಆಗಿರಬಾರದು, ಹಣ ಕೊಡುವವರೂ ಆಗಿರಬಾರದು. ಹತ್ತಿರದ ಕಾಲೇಜಿನ ಸಮಾಜಕಾರ್ಯ ವಿಭಾಗದವರನ್ನು ಕೇಳಬಹುದು. ಅವರಿಗೆ ಬಸ್ ಖರ್ಚು, ಊಟದ ಖರ್ಚು ಒಪ್ಪಂದದಲ್ಲೇ ಇರಲಿ.

ಬೇರೆ ಇಲಾಖೆಯ ಕಡತ ಸಿಕ್ಕಿದರೆ ಮಾತ್ರ ಅಳೆಯಬಹುದಾದ ಫಲಿತಾಂಶ ಇಡಬೇಡಿ. ಲಂಡನ್‌ನಲ್ಲೂ ಆಸ್ಪತ್ರೆಯ ತುರ್ತು ಚಿಕಿತ್ಸೆ ಕಡಿಮೆಯಾಯಿತೇ ಅಂತ ಅಳೆಯಲು ಹೋಗಿ, ಒಬ್ಬೊಬ್ಬರ ಮಾಹಿತಿ ಸಿಗದೆ ತೊಡಕಾಯಿತು. ಅಲ್ಲೇ ಹಾಗಾದರೆ ನಮ್ಮಲ್ಲಿ ಹೇಗೆ, ಅಲ್ವಾ?

ಪಟ್ಟಿಯಲ್ಲಿ ಹೆಸರು ಬರೆಯುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಿ. ಕನ್ನಡವೋ, ಉರ್ದುವೋ, ತಮಿಳೋ, ಲಂಬಾಣಿಯೋ. ಬೇಡ ಅಂದರೂ ಊಟ, ಹಾಸಿಗೆ ನಿಲ್ಲುವುದಿಲ್ಲ ಅಂತ ಅದೇ ಪತ್ರದಲ್ಲಿ ಇರಲಿ.

ಕೆಟ್ಟ ದಿನಗಳಿಗೂ ಸಾಲು ಬರೆದಿಡಿ

ಪಟ್ಟಿಯಲ್ಲಿದ್ದವರು ತೀರಿಕೊಂಡರೆ ಅದು ಸಂಸ್ಥೆಯ ಸೋಲಲ್ಲ. ಅವರು ಮುಟ್ಟಿದ್ದ ಮೆಟ್ಟಿಲಿನವರೆಗೆ ಹಣ ಕೊಟ್ಟು, ಆ ಹೆಸರನ್ನು ಲೆಕ್ಕದಿಂದ ತೆಗೆಯಬೇಕು. ಮಣ್ಣು ಮಾಡುವ ಖರ್ಚಿಗೂ ಒಂದು ಸಾಲು ಇರಲಿ. ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ಕಡೆ ಎರಡು ತಿಂಗಳು ಹೋಗಿ ಮರಳಿದರೆ ಮನೆ ಬಿಟ್ಟ ಹಾಗಲ್ಲ. ಆಸ್ಪತ್ರೆ ಸೇರಿದರೂ ಅಲ್ಲ. ಒಂದು ಮನೆ ಬಿಟ್ಟು ಇನ್ನೊಂದು ಹಿಡಿದರೆ, ನಡುವೆ ಮೂವತ್ತು ದಿನ ಮೀರದಿದ್ದರೆ, ತಿಂಗಳ ಎಣಿಕೆ ಮುಂದುವರಿಯಲಿ. ನೆರೆ ಬಂದರೆ ಎಣಿಕೆಯೇ ನಿಲ್ಲಲಿ. ಆಗ ಎಲ್ಲರ ಕೆಲಸ ಜನರನ್ನು ಮೇಲಕ್ಕೆ ತರುವುದಷ್ಟೇ.

ಕಚೇರಿಯ ಕಡೆಯಿಂದ ಆಗಬೇಕಾದದ್ದು ತಪ್ಪಿದರೂ ಸಂಸ್ಥೆಗೆ ದಂಡ ಬೀಳಬಾರದು. ಭೂಕಂದಾಯ ಕಾಯ್ದೆಯ ಕಲಮುಗಳಾದ, ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ ಅಡಿ ಮನೆ ಸಕ್ರಮಕ್ಕೆ ಅರ್ಜಿ ಹಾಕಿದ್ದೀರಿ, ಮುದುಕರ ಪರವಾಗಿ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಆದೇಶ ಬರುವುದು ನಿಮ್ಮ ಕೈಲಿಲ್ಲ. ಅರ್ಜಿ ಹಾಕಿ, ಹಿಂಬರಹ ಪಡೆದು, ವಿಚಾರಣೆಗೆ ಹೋಗಿ ಬಂದದ್ದಕ್ಕೇ ಒಂದು ಮೊತ್ತ ಇಡಿ.

ಬಿಲ್ ಕೊಟ್ಟ ಮೂವತ್ತು ದಿನದೊಳಗೆ ಹಣ. ಇಪ್ಪತ್ತೊಂದು ದಿನದಲ್ಲಿ ಯಾರೂ ಬಂದು ನೋಡದಿದ್ದರೆ ಫಲಿತಾಂಶ ಒಪ್ಪಿದ ಹಾಗೆ. ಈ ಎರಡು ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಟೆಂಡರ್ ಮತ್ತು ಅವಧಿ

ಹಣ ಸರ್ಕಾರದ್ದಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಬರುತ್ತದೆ. ಬರೀ ಕಡಿಮೆ ದರ ಕೂಗಿದವರಿಗೆ ಕೊಟ್ಟರೆ ಈ ಕೆಲಸ ಹಾಳು. ಎರಡು ಲಕೋಟೆ ಕೇಳಿ, ಒಂದು ಅರ್ಹತೆಗೆ, ಇನ್ನೊಂದು ದರಕ್ಕೆ. ಮೊದಲ ಲಕೋಟೆಯಲ್ಲಿ ಅನುಭವ, ಸಿಬ್ಬಂದಿ, ಹಿಂದೆ ಮನೆ ಸೇರಿಸಿದವರು ಎಷ್ಟು ದಿನ ಉಳಿದರು ಅನ್ನುವುದಕ್ಕೆ ಅಂಕ ಇರಲಿ. ಮೆಟ್ಟಿಲುಗಳ ದರವನ್ನು ಟೆಂಡರ್‌ನಲ್ಲೇ ಮೊದಲೇ ಗಟ್ಟಿ ಮಾಡಿ ಹಾಕಿದರೆ ಇನ್ನೂ ಒಳ್ಳೆಯದು, ದರ ಇಳಿಸುವ ಪೈಪೋಟಿಯೇ ಇರುವುದಿಲ್ಲ. ಕಾಯ್ದೆಯ 4(ಜಿ) ಅಡಿ ಸರ್ಕಾರದಿಂದ ವಿನಾಯಿತಿ ಪಡೆಯುವ ದಾರಿಯೂ ಇದೆ, ಆದರೆ ಅದಕ್ಕೆ ಸಮಯ ಬೇಕು. ಚಿಕ್ಕ ಸಂಸ್ಥೆಗಳು ಇಎಂಡಿ (ಟೆಂಡರ್ ಜೊತೆ ಇಡಬೇಕಾದ ಠೇವಣಿ) ಮೊತ್ತ ನೋಡಿಯೇ ಹಿಂದೆ ಸರಿಯುತ್ತವೆ, ಅದನ್ನು ಕಡಿಮೆ ಇಡಿ.

ಅವಧಿ ಮೂರು ವರ್ಷ ಇರಲಿ. ಭಿಲ್ವಾರಾದ ಒಪ್ಪಂದ ಮೊದಲ ಎರಡು ವರ್ಷ ಗುರಿಗಿಂತ ಹಿಂದೆ ಇತ್ತು. ಮೂರನೇ ವರ್ಷದ ಕೊನೆಗೆ ಕಲಿಕೆಯಲ್ಲಿ ಗುರಿಯ 160 ಶೇಕಡಾ ಮುಟ್ಟಿತು. ಒಂದು ವರ್ಷಕ್ಕೇ ನಿಲ್ಲಿಸಿದ್ದರೆ ಅದು ಸೋತ ಕೆಲಸ ಅಂತ ಫೈಲ್ ಮುಚ್ಚಿರುತ್ತಿದ್ದರು.

ದಿನಗಳನ್ನು ಹೀಗೆ ಹೊಂದಿಸಿಕೊಳ್ಳಿ. ಅಡಿಕೆ ಕೊಯ್ಲು ಮುಗಿದು ಕೂಲಿ ಕೆಲಸ ಕಡಿಮೆಯಾಗುವ ಫೆಬ್ರವರಿಯಲ್ಲಿ ಪಟ್ಟಿ ಶುರು ಮಾಡಿ, ಯಾರು ಬೀಳುತ್ತಿದ್ದಾರೆ ಅಂತ ಆಗ ಕಾಣುತ್ತದೆ. ಮಾರ್ಚ್‌ನಲ್ಲಿ ಯಾವ ಕಚೇರಿಯಲ್ಲೂ ಮಾತಿಗೆ ಸಿಗುವುದಿಲ್ಲ, ಆ ತಿಂಗಳು ಮನೆ ಮಾಲೀಕರ ಹತ್ತಿರ ಓಡಾಡಿ. ಏಪ್ರಿಲ್‌ನಲ್ಲಿ ಸಹಿ, ಮೊದಲ ಮುಂಗಡ. ಮೇ ತಿಂಗಳಲ್ಲಿ ಕೋಣೆಗಳ ಹೆಂಚು, ಶೀಟು, ಚರಂಡಿ ನೋಡಿ ಸರಿ ಮಾಡಿಸಿ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಮೊದಲ ಹತ್ತು ಜನರಾದರೂ ಒಳಗಿರಬೇಕು.